ಮಂಗಳೂರಲ್ಲಿ ಯಾರಿದ್ದಾರೆ?

"ಕುಕ್ಕೆಗೇನಮ್ಮ?"

"ಇಲ್ಲಮ್ಮ, ಮಂಗಳೂರಿಗೆ."

"ಮಂಗಳೂರಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

ಕಳೆದ ಶನಿವಾರ ಟ್ರೇನಿನಲ್ಲಿ ನಡೆದ ಮಾತು ಇಷ್ಟೇ. ಹಾಸನದಲ್ಲಿ ಹತ್ತಿ ನಮ್ಮ ಎದುರು ಕೂತವರು ಕೇಳಿದರು, ನಾನು ಹೇಳಿದೆ. ಇವತ್ತು ಗುರುವಾರ. ಮಗುವಿಗೆ ರಾಗಿ ಸರಿ ಗಂಟಾಗದಂತೆ ತಿರುವುವಾಗ, ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತಾಗ, ಅದೇ ನಾಲ್ಕು ಸಾಲು ಮತ್ತೆ ಮತ್ತೆ ಕೇಳಿಸುತ್ತಿದೆ. ಅವರ ದನಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳುತ್ತೇನೆ. ಒಂದು ಸಲ ಬೈದ ಹಾಗೆ ಕೇಳಿಸುತ್ತದೆ. ಇನ್ನೊಂದು ಸಲ ಹಾಗೆ ಅನಿಸುವುದಿಲ್ಲ.

ಹೊರಟಿದ್ದು ನಾನು, ಏಳು ತಿಂಗಳ ಮಗಳು, ಮತ್ತೆ ನನ್ನ ಗೆಳತಿ. ಗೆಳತಿಯ ಹೆಸರು ಹಾಕಿದರೆ ಅವಳು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಹಾಸ್ಟೆಲಿನಲ್ಲಿ ನಾವೆಲ್ಲ ಅವಳನ್ನು ಟೈಮ್‌ಟೇಬಲ್ ಅಂತ ಕರೆಯುತ್ತಿದ್ದೆವು, ಇಲ್ಲೂ ಅದೇ ಇರಲಿ. ಯಾವ ಟ್ರೇನು ಎಷ್ಟು ಗಂಟೆಗೆ ಎಲ್ಲಿರುತ್ತದೆ ಅಂತ ಊಟ ಮಾಡುತ್ತಾ ಹೇಳುವ ಹುಡುಗಿ. ಮದುವೆಯಾಗಿಲ್ಲ, ಆಗುವ ಯೋಚನೆಯೂ ಇಲ್ಲ. ಮಕ್ಕಳನ್ನು ಕಂಡರೆ ಅಂಥ ಪ್ರೀತಿ ಏನಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ನನ್ನ ಬಾಣಂತನದಲ್ಲಿ ಒಂದು ದಿನ ನೋಡೋಕೆ ಬಂದಳು. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಕಾಲಿಗೆ ಸಾಕ್ಸು, ಸುತ್ತ ಸಾಮ್ರಾಣಿ ಹೊಗೆ, ಅದರ ನಡುವೆ ನಾನು. ನೋಡಿದವಳೇ ನಗು ತಡೆಯಲಾರದೆ ಹೊರಗೆ ಓಡಿದಳು. ಅಮ್ಮನಿಗೆ ಇನ್ನೂ ಅವಳ ಮೇಲೆ ಸಿಟ್ಟಿದೆ. ಆದರೆ ಆಗ ಮನೆಗೆ ಬಂದವರೆಲ್ಲ ತೊಟ್ಟಿಲು ನೋಡಿ ನಗುತ್ತಿದ್ದರು. ನನ್ನನ್ನು ನೋಡಿ ನಕ್ಕವಳು ಅವಳೊಬ್ಬಳೇ.

ಆಮೇಲೆ ಮಾತು ಕಡಿಮೆಯಾಯಿತು. ಅವಳು ಫೋನು ಮಾಡುವ ಹೊತ್ತಿಗೆ ಮಗು ಆಗ ತಾನೇ ಮಲಗಿರುತ್ತಿತ್ತು. ಅವಳ ಮೆಸೇಜಿಗೆ ನಾನು ರಾತ್ರಿ ಮೂರು ಗಂಟೆಗೆ ಉತ್ತರ ಬರೆಯುತ್ತಿದ್ದೆ. ನಮ್ಮ ಗುಂಪಿನ ಉಳಿದವರೆಲ್ಲ ಒಳ್ಳೆಯವರು. "ಮಗು ಸ್ವಲ್ಪ ದೊಡ್ಡದಾಗ್ಲಿ ಕಣೇ, ಆಮೇಲೆ ಎಲ್ಲಾದ್ರೂ ಹೋಗೋಣ" ಅಂದರು. ಎಷ್ಟು ದೊಡ್ಡದು ಅಂತ ಯಾರೂ ಹೇಳಲಿಲ್ಲ. ಟೈಮ್‌ಟೇಬಲ್ ಅಷ್ಟೆಲ್ಲ ಯೋಚನೆ ಮಾಡುವವಳಲ್ಲ. ಹೋದ ತಿಂಗಳು ಒಂದು ಟಿಕೆಟ್ಟಿನ ಫೋಟೋ ಬಂತು. ಯಶವಂತಪುರದಿಂದ ಮಂಗಳೂರು ಜಂಕ್ಷನ್, ಶನಿವಾರ ಬೆಳಗ್ಗೆ ಏಳಕ್ಕೆ, ಇಬ್ಬರಿಗೆ. ಕೆಳಗೆ ಒಂದೇ ಸಾಲು: "ಐದು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಅವಳ ಖರ್ಚು ಸೊನ್ನೆ."

ಮನೆಯಲ್ಲಿ ಹೇಳಿದಾಗ ಗಂಡ "ನಾನೂ ಬರ್ಲಾ?" ಅಂದ. ಬೇಡ ಅಂದೆ. ಸರಿ ಅಂದು, ಡೈಪರ್ ಎಷ್ಟು ಬೇಕಾಗುತ್ತದೆ ಅಂತ ಲೆಕ್ಕ ಹಾಕೋಕೆ ಕೂತ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೇಗೂ ಆ ದಾರೀಲೇ ಹೋಗ್ತೀರಲ್ಲ, ಕುಕ್ಕೇಲಿ ಇಳಿದು ದೇವರಿಗೆ ಕೈ ಮುಗಿದು ಬನ್ನಿ" ಅಂದರು. ಸ್ಟೇಷನ್ನಿನಿಂದ ದೇವಸ್ಥಾನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಇದೆ, ಇಳಿದರೆ ಟ್ರೇನು ಹೋದ ಹಾಗೇ ಅಂತ ವಿವರಿಸಿದೆ. ಅವರು ವಾದ ಮಾಡಲಿಲ್ಲ. ಮಗುವಿನ ಬ್ಯಾಗಿಗೆ ಒಂದು ಕಬ್ಬಿಣದ ಚೂರು, ನಾಲ್ಕು ಎಲೆ ಬೇವು ಹಾಕಿದರು. ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟರು. ಸಾಕಷ್ಟು ದೊಡ್ಡದು.

ಘಾಟಿ ನೋಡೋಕೆ ಅಂತಲೇ ಇರುವ ಗಾಜಿನ ಬೋಗಿಯಲ್ಲಿ ಸೀಟು ಸಿಕ್ಕಿರಲಿಲ್ಲ. ಮಾಮೂಲಿ ಬೋಗಿ. ಹಾಸನದಲ್ಲಿ ಆ ದಂಪತಿ ಹತ್ತಿದರು, ಅರವತ್ತರ ಆಸುಪಾಸು. ಗಂಡ ಕಿಟಕಿ ಪಕ್ಕ ಕೂತು, ಮುಖದ ಮೇಲೆ ಕರ್ಚೀಫು ಹಾಕಿಕೊಂಡು ನಿದ್ದೆ ಹೋದರು. ಮುಂದೆ ಘಾಟಿ ಇದೆ, ಅಂಥ ಕಿಟಕಿ ಸೀಟು ಕರ್ಚೀಫಿನ ಹಿಂದೆ ಹಾಳಾಯಿತು. ಇದಕ್ಕೂ ನನ್ನ ಕಥೆಗೂ ಸಂಬಂಧ ಇಲ್ಲ, ಆದರೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಆಕೆ ಮಗುವನ್ನು ನೋಡಿದರು, ನನ್ನನ್ನು ನೋಡಿದರು, ಜೀನ್ಸ್ ಹಾಕಿಕೊಂಡ ಟೈಮ್‌ಟೇಬಲ್‌ನ ನೋಡಿದರು. ನಮ್ಮ ಕಡೆಯ ಗಂಡಸರು ಯಾರಾದರೂ ಕಾಫಿ ತರೋಕೆ ಹೋಗಿದ್ದಾರಾ ಅಂತ ಬಾಗಿಲ ಕಡೆಗೂ ಒಮ್ಮೆ ನೋಡಿದರು. ಆಮೇಲೆ ಆ ಪ್ರಶ್ನೆಗಳು.

"ಯಾರೂ ಇಲ್ಲ" ಅಂತ ನಾನು ಹೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಸಮುದ್ರ ನೋಡ್ಕೊಂಡು ಬರೋಣ ಅಂತ ಆಂಟಿ" ಅಂದಳು ಟೈಮ್‌ಟೇಬಲ್.

"ಇಷ್ಟು ಸಣ್ಣ ಕೂಸು ಕಟ್ಕೊಂಡಾ?"

ನನಗೆ ಮೈ ಉರಿಯಿತು. ಅಲ್ಲಿಂದ ಸಕಲೇಶಪುರದ ತನಕ ಮನಸ್ಸಿನಲ್ಲೇ ಅವರ ಜೊತೆ ಜಗಳ. ನೋಡಿ, 2017ರಲ್ಲಿ ಕಾನೂನು ತಿದ್ದಿದ ಮೇಲೆ ಹೆರಿಗೆ ರಜೆ 12 ವಾರದಿಂದ 26 ವಾರ ಆಯಿತು. ಆ 26 ವಾರ ಮುಗಿದ ಕೂಡಲೇ ನಾನು ಇದೇ ಸಣ್ಣ ಕೂಸನ್ನು ಬಿಟ್ಟು ಆಫೀಸಿಗೆ ಹೋಗತೊಡಗಿದೆ. ಅದಕ್ಕೆ ಜನ ಪಾಪ ಅನ್ನುತ್ತಾರೆಯೇ ಹೊರತು ಯಾಕೆ ಹೋಗ್ತೀಯ ಅನ್ನುವುದಿಲ್ಲ. ಒಳ್ಳೆ ದಿನ ನೋಡಿ ತವರಿಂದ ಗಂಡನ ಮನೆಗೆ ಕರೆದುಕೊಂಡು ಬಂದರೆ ಸರಿ. ಮದುವೆ ಮನೆಯಲ್ಲಿ ವಾಲಗದ ಪಕ್ಕ ಮಗುವನ್ನು ಎತ್ತಿಕೊಂಡು ಗಂಟೆಗಟ್ಟಲೆ ಕೂತರೆ ಇನ್ನೂ ಸರಿ. ದೇವರ ಊರಿಗಂತೂ ಕೇಳುವುದೇ ಬೇಡ. ಗೆಳತಿ ಜೊತೆ ಸಮುದ್ರ ನೋಡೋಕೆ ಹೊರಟಾಗ ಮಾತ್ರ ಮಗು ಎಲ್ಲರ ಕಣ್ಣಿಗೂ ಸಣ್ಣದಾಗಿಬಿಡುತ್ತದೆ.

ಶಕ್ತಿ ಯೋಜನೆ ಶುರುವಾದಾಗಿನ ಗಲಾಟೆ ನೆನಪಿದೆಯಾ? 2023ರ ಜೂನ್ 11. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ ಅಂದಿದ್ದೇ ತಡ, ಧರ್ಮಸ್ಥಳ, ಕುಕ್ಕೆಯ ಬಸ್ಸುಗಳು ತುಂಬಿ ತುಳುಕಿದವು. ಆ ನೂಕುನುಗ್ಗಲಿನ ವಿಡಿಯೋ ಹಂಚಿಕೊಂಡು ನಕ್ಕವರು ನಮ್ಮ ನೆಂಟರಲ್ಲೇ ಎಷ್ಟು ಜನ! ಅವರೆಲ್ಲ ದೇವಸ್ಥಾನಕ್ಕೇ ಯಾಕೆ ಹೋದರು ಅಂತ ನಾನು ಆಗ ಯೋಚಿಸಿರಲಿಲ್ಲ. ಈಗ ಅನಿಸುತ್ತದೆ, ಟಿಕೆಟ್ಟು ಸರ್ಕಾರ ಕೊಟ್ಟಿತು, ಮನೆಯಲ್ಲಿ ಹೇಳುವ ಕಾರಣವನ್ನು ಅವರೇ ಹುಡುಕಿಕೊಳ್ಳಬೇಕಿತ್ತು. ದೇವರು ಅಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಭಕ್ತಿ ಇತ್ತು, ಖಂಡಿತ. ಜೊತೆಗೆ ನಾಲ್ಕು ಜನ ಹೆಂಗಸರು ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು, ಕಡ್ಲೆಕಾಯಿ ಸುಲಿಯುತ್ತಾ ಹೋದ ಸುಖವೂ ಇತ್ತು. ಹರಕೆಯ ಪಟ್ಟಿಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲ ಅಷ್ಟೇ.

ಸಕಲೇಶಪುರ ದಾಟಿದ ಮೇಲೆ ಜಗಳಕ್ಕೆ ಪುರುಸೊತ್ತು ಸಿಗಲಿಲ್ಲ. ಅಲ್ಲಿಂದ ಕುಕ್ಕೆಯ ಸ್ಟೇಷನ್ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರು. ಅಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಟ್ರೇನು 30ರ ಸ್ಪೀಡಿನ ಮೇಲೆ ಹೋಗುವ ಹಾಗಿಲ್ಲ. ಟೈಮ್‌ಟೇಬಲ್‌ಗೆ ಇದೆಲ್ಲ ಬಾಯಿಪಾಠ. 1979ರಲ್ಲಿ ಮೀಟರ್ ಗೇಜ್ ಹಳಿಯಾಗಿ ಶುರುವಾಯಿತಂತೆ. 1996ರಲ್ಲಿ ಬ್ರಾಡ್ ಗೇಜ್ ಮಾಡಲು ಮುಚ್ಚಿದರಂತೆ. ಮತ್ತೆ ಜನರನ್ನು ಹೊತ್ತು ಟ್ರೇನು ಓಡಿದ್ದು 2007ರ ಡಿಸೆಂಬರಿನಲ್ಲಿ. ಹಳಿಗೆ ಹನ್ನೊಂದು ವರ್ಷ ರಜೆ, ನನಗೆ 26 ವಾರ ಅಂದೆ. ಆಕೆಯೂ ನಕ್ಕರು. ಗಂಡ ಏಳಲಿಲ್ಲ.

ಮಗುವಿಗೆ ಹಸಿವಾಗಿದ್ದು ಸರಿಯಾಗಿ ಆಗಲೇ. ಪ್ರತಿ ಸುರಂಗಕ್ಕೂ ಬೋಗಿಯ ಕಾಲೇಜು ಹುಡುಗರು "ಹೋ..." ಅಂತ ಕಿರುಚುತ್ತಿದ್ದರು. ಅವಳು ಬಾಯಿ ಬಿಟ್ಟು ತಿರುಗಿ ನೋಡುತ್ತಿದ್ದಳು, ನನ್ನ ಶಾಲು ಜಾರುತ್ತಿತ್ತು. ಟೈಮ್‌ಟೇಬಲ್ ಮೊಬೈಲಿನಲ್ಲಿ ಮ್ಯಾಪು ತೆರೆದು ಕೂತಳು. "ಮುಂದಿನದು ಉದ್ದ ಇದೆ, ಈಗ ಶುರು ಮಾಡು." ಕತ್ತಲಾಗುತ್ತಿತ್ತು, ನಾನು ಸೆರಗು, ಶಾಲು ಎಲ್ಲ ಸರಿ ಮಾಡಿಕೊಳ್ಳುತ್ತಿದ್ದೆ. "ಮುಗೀತು, ಬೆಳಕು ಬಂತು, ಮುಚ್ಕೋ." ಹೀಗೆ ಸುರಂಗದ ಲೆಕ್ಕದಲ್ಲಿ ಹಾಲು ಕುಡಿದ ಮಗು ಬೇರೆ ಇರಲಿಕ್ಕಿಲ್ಲ. ನಾಲ್ಕೈದು ಸುರಂಗ ನೋಡಿದ ಮೇಲೆ ಎದುರಿನವರು ಎದ್ದು ಬಂದು, ದಾರಿಯ ಕಡೆ ಬೆನ್ನು ಮಾಡಿ ನನ್ನ ಪಕ್ಕ ಕೂತರು. ಅಷ್ಟೇ, ಮರೆಯಾಯಿತು. ಮ್ಯಾಪಿನ ಕೆಲಸ ಮುಗಿಯಿತು.

ಹೊಟ್ಟೆ ತುಂಬಿದ ಮಗುವನ್ನು ಅವರೇ ಎತ್ತಿಕೊಂಡರು. ಅವಳನ್ನು ಹೆಗಲಿಗೆ ಹಾಕಿ ಬೆನ್ನು ತಟ್ಟುತ್ತಾ, ಹೊರಗಿನ ಕಣಿವೆ ನೋಡುತ್ತಾ ಕೇಳಿದರು.

"ಟ್ರೇನ್ ಇಳಿದ ತಕ್ಷಣ ಸಮುದ್ರ ಕಾಣುತ್ತಾ?"

"ಇಲ್ಲಮ್ಮ, ಆಟೋದಲ್ಲೋ ಬಸ್ಸಲ್ಲೋ ಹೋಗಬೇಕು."

"ನಾನು ನೋಡಿಲ್ಲ. ಕುಕ್ಕೆಗೆ ಬಂದಿದ್ದಕ್ಕೆ ಲೆಕ್ಕ ಇಲ್ಲ. ಇಳಿಯೋದು, ದೇವರು ನೋಡೋದು, ವಾಪಸ್ ಹತ್ತೋದು. ಮುಂದಕ್ಕೆ ಹೋಗೋಕೆ ಮಂಗಳೂರಲ್ಲಿ ನಮ್ಮೋರು ಯಾರಿದ್ದಾರೆ?"

ಸುಬ್ರಹ್ಮಣ್ಯ ರೋಡಿನಿಂದ ಮಂಗಳೂರು ಇನ್ನೆರಡು ಎರಡೂವರೆ ಗಂಟೆಯ ದಾರಿ. ಅಷ್ಟು ಹತ್ತಿರ ಬಂದು ಬಂದು ಅವರು ತಿರುಗಿ ಹೋಗಿದ್ದರು. ಅದನ್ನು ಬೇಜಾರಿನಿಂದಲೂ ಹೇಳಲಿಲ್ಲ. ಬಸ್ಸಿನ ದಾರಿ ಹೇಳಿದ ಹಾಗೆ ಹೇಳಿದರು. ಸ್ಟೇಷನ್ ಬಂದಾಗ ಗಂಡ ಯಾರೂ ಎಬ್ಬಿಸದೆ ತಾವಾಗಿ ಎದ್ದರು, ಚೀಲ ಹೆಂಡತಿಗೆ ಬಿಟ್ಟು ಮುಂದೆ ನಡೆದರು. ಆಕೆ ಮಗುವನ್ನು ಕೊಟ್ಟು, ಅವಳ ಕೈಗೆ ಹತ್ತು ರೂಪಾಯಿಯ ನೋಟು ತುರುಕಿ ಇಳಿದರು. ನೋಟನ್ನು ಅವಳು ಬಾಯಿಗೆ ಹಾಕಿಕೊಳ್ಳುವ ಮೊದಲು ಕಿತ್ತುಕೊಳ್ಳುವುದರಲ್ಲಿ, ಹೆಸರು ಕೇಳುವುದೂ ಆಗಲಿಲ್ಲ.

ಅಲ್ಲಿಂದ ನನ್ನ ತಲೆ ಕೆಟ್ಟಿದ್ದು. ಆ ಪ್ರಶ್ನೆ ಬೈಗುಳ ಅಂತಲೇ ಹಿಡಿದುಕೊಂಡಿದ್ದರೆ ಎಷ್ಟು ಸುಲಭ ಇತ್ತು. ಮನೆಗೆ ಬಂದು ಗಂಡನ ಹತ್ತಿರ ಅಣಕಿಸಿ, ನಕ್ಕು, ಮರೆಯಬಹುದಿತ್ತು. "ಮಂಗಳೂರಲ್ಲಿ ಯಾರಿದ್ದಾರೆ?" ಅವರಿಗೆ ಅದು ನಿಜವಾಗಿಯೂ ಬೇಕಾಗಿದ್ದ ಮಾಹಿತಿ. ಯಾರೂ ಇಲ್ಲದ ಊರಿಗೆ ಹೋಗಬಹುದಾ ಅಂತ.

ಮಂಗಳೂರಿನ ವಿಚಾರ ಜಾಸ್ತಿ ಹೇಳುವುದಿಲ್ಲ. ಲಾಡ್ಜಿನ ಹುಡುಗ "ಸಾರ್ ಆಮೇಲೆ ಬರ್ತಾರಾ?" ಅಂತ ಕೇಳಿದ, ಟೈಮ್‌ಟೇಬಲ್ "ಯಾವ ಸಾರ್?" ಅಂತ ತಿರುಗಿ ಕೇಳಿದಳು. ರಾತ್ರಿ ಮಗು ಮೂರು ಸಲ ಎದ್ದಿತು. ಭಾನುವಾರ ಬೆಳಗ್ಗೆ ಪಣಂಬೂರು ಬೀಚು. ಮರಳಿನಲ್ಲಿ ಕೂರಿಸಿದ ತಕ್ಷಣ ಅವಳು ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ನಾನು ಬೆರಳು ಹಾಕಿ ತೆಗೆದೆ. ನನಗಿಂತ ಹೆಚ್ಚು ಹೆದರಿದವಳು ಟೈಮ್‌ಟೇಬಲ್. ಆಮೇಲೆ ಅವಳೇ ಎತ್ತಿಕೊಂಡಳು, ಬಿಸಿ ಕುಕ್ಕರ್ ಹಿಡಿದವರ ಹಾಗೆ ಎರಡು ಕೈ ಮುಂದೆ ಚಾಚಿ.

ಮಾತು? ಒಂದೂ ಪೂರ್ತಿ ಆಗಲಿಲ್ಲ. ಅವಳು ಕೆಲಸ ಬಿಡಬೇಕು ಅಂತಿದ್ದಾಳೆ. ಆ ಕಥೆ ಯಶವಂತಪುರದಲ್ಲಿ ಶುರುವಾಗಿದ್ದು, ಡೈಪರ್, ಅಳು, ಬಾಟಲಿ ನೀರು ಎಲ್ಲದರ ನಡುವೆ ಕಂತು ಕಂತಾಗಿ ಬಂದು, ಭಾನುವಾರ ಮಧ್ಯಾಹ್ನ ಗಡ್‌ಬಡ್ ಐಸ್‌ಕ್ರೀಂ ಮುಂದೆ ಕೂತಾಗ ಮುಗಿಯಿತು. ಮೊದಲಾದರೆ ಇದಕ್ಕೆ ಒಂದು ಮಂಚ, ಅರ್ಧ ರಾತ್ರಿ ಸಾಕಿತ್ತು. ಅವಳಿಗೆ ಕಿರಿಕಿರಿ ಆಯಿತು, ಒಂದು ಸಲ ಮುಖ ಊದಿಸಿಕೊಂಡಳು ಕೂಡ. ಆದರೆ ಐಸ್‌ಕ್ರೀಂ ಕರಗುತ್ತಿರುವಾಗ ಕೇಳಿದಳು, "ನಿಂಗೆ ಬೋರ್ ಆಗಲ್ವೇನೇ, ದಿನಾ?"

"ಆಗುತ್ತೆ" ಅಂದೆ. "ತುಂಬಾ."

ನಿದ್ದೆ ಆಯ್ತಾ, ಹಾಲು ಸಾಕಾಗುತ್ತಾ, ಹೊಲಿಗೆ ಒಣಗಿತಾ ಅಂತ ಈ ಏಳು ತಿಂಗಳಲ್ಲಿ ಎಲ್ಲರೂ ಕೇಳಿದ್ದಾರೆ. ಈ ಪ್ರಶ್ನೆಯನ್ನು ಅಮ್ಮನೂ ಕೇಳಿರಲಿಲ್ಲ, ಡಾಕ್ಟರೂ ಕೇಳಿರಲಿಲ್ಲ. ಮಕ್ಕಳನ್ನು ಕಂಡರೆ ಅಷ್ಟಕ್ಕಷ್ಟೇ ಅನ್ನುವವರಿಗೆ ಮಾತ್ರ ಇಂಥದ್ದು ಹೊಳೆಯುತ್ತದೇನೋ. ನಾನು ಹೇಳಿದ್ದಕ್ಕೆ ಅವಳು ಸಮಾಧಾನ ಮಾಡಲಿಲ್ಲ, ಅದೂ ಒಂದು ಸುಖ. "ಹ್ಞೂಂ, ಅನ್ಕೊಂಡೆ" ಅಂದು ನನ್ನ ಗ್ಲಾಸಿನ ಚೆರ್ರಿ ಎತ್ತಿಕೊಂಡು ತಿಂದಳು.

ರಾತ್ರಿ ಟ್ರೇನಿಗೆ ವಾಪಸ್ ಹೊರಟೆವು. ಸುರಂಗ ಬಂದಿದ್ದು ಹೋಗಿದ್ದು ಗೊತ್ತಾಗಲಿಲ್ಲ, ಮೂರೂ ಜನ ನಿದ್ದೆ.

ಸೋಮವಾರ ಸಂಜೆ ನಾನು ಆಫೀಸಿಂದ ಬಂದು ಇನ್ನೂ ಬ್ಯಾಗು ಇಟ್ಟಿರಲಿಲ್ಲ, ಎದುರು ಮನೆಯವರು ಬಂದರು. "ಕುಕ್ಕೆಗೆ ಹೋಗಿದ್ರಂತೆ, ಅತ್ತೆ ಹೇಳಿದ್ರು. ಮೃತ್ತಿಕೆ ಪ್ರಸಾದ ತಂದ್ರಾ? ನಮ್ಮ ಮೊಮ್ಮಗನಿಗೆ ಮೈ ಮೇಲೆಲ್ಲ ಗುಳ್ಳೆ ಎದ್ದಿದೆ."

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಸೀದಾ ದೇವರ ಮನೆಗೆ ಹೋಗಿ, ಡಬ್ಬಿಯೊಂದನ್ನು ತಡಕಾಡಿ, ಹುತ್ತದ ಮಣ್ಣಿನ ಮಡಚಿದ ಸಣ್ಣ ಪೊಟ್ಟಣ ತಂದು ಅವರ ಕೈಗಿಟ್ಟರು. ಅದು ಕುಕ್ಕೆಯದ್ದೇ, ಯಾವ ವರ್ಷದ್ದು ಅಂತ ಮಾತ್ರ ಸುಬ್ರಹ್ಮಣ್ಯನಿಗೇ ಗೊತ್ತು. ಎದುರು ಮನೆಯವರು ಕಣ್ಣಿಗೊತ್ತಿಕೊಂಡು ನನ್ನ ಕಡೆ ತಿರುಗಿದರು.

"ತುಂಬಾ ರಶ್ ಇತ್ತಾ?"

"ಶನಿವಾರ, ಭಾನುವಾರ ಅಲ್ವಾ" ಅಂದರು ಅತ್ತೆ. "ಇದ್ದೇ ಇರುತ್ತೆ. ಬನ್ನಿ ಕೂತ್ಕೊಳ್ಳಿ, ಕಾಫಿ ಮಾಡ್ತೀನಿ."