ಆ ಕೊರಿಯನ್ ಹಾಡುಗಳಲ್ಲಿ ಅಂಥದ್ದೇನಿದೆ?

ಮನೆಗೆ ಬಂದವರು ನಾನು ಕೇಳುತ್ತಿರುವ ಹಾಡಿಗೆ ಒಂದೆರಡು ನಿಮಿಷ ಕಿವಿಗೊಟ್ಟು, ಬಳಿಕ ಸಾಮಾನ್ಯವಾಗಿ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಕೆ-ಪಾಪ್ ಎಂಬ ಈ ಕೊರಿಯನ್ ಜನಪ್ರಿಯ ಗಾಯನದಲ್ಲಿ ನಿಜವಾಗಿಯೂ ಸಂಗೀತವೆಂಬುದು ಇದೆಯೇ, ಅಥವಾ ಅಭಿಮಾನಿಗಳ ಹುಚ್ಚೇ ಅದನ್ನು ಹೊತ್ತು ಮೆರೆಸುತ್ತಿದೆಯೇ? ಹೀಗೆ ಕೇಳುವವರಲ್ಲಿ ರಾಗತಾಳ ಬಲ್ಲವರೂ ಇದ್ದಾರೆ, ಮಗಳ ಕೋಣೆಯ ಗೋಡೆ ತುಂಬ ಅಂಟಿರುವ ಚಿತ್ರಗಳನ್ನು ಕಂಡು ಗಾಬರಿಯಾದ ತಾಯಂದಿರೂ ಇದ್ದಾರೆ.

ರಾಗತಾಳ ಬಲ್ಲವರ ಮುಖ್ಯ ಆಕ್ಷೇಪವೆಂದರೆ ಇವು ಕಾರ್ಖಾನೆಯಲ್ಲಿ ತಯಾರಾದ ಹಾಡುಗಳು ಎಂಬುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಲೀ ಸೂ-ಮನ್ 1995ರಲ್ಲಿ ಸೋಲ್ ನಗರದಲ್ಲಿ ಎಸ್‌ಎಂ ಎಂಟರ್‌ಟೈನ್‌ಮೆಂಟ್ ಎಂಬ ಸಂಗೀತ ಕಂಪನಿಯನ್ನು ಸ್ಥಾಪಿಸಿ, ಮರುವರ್ಷ ಎಚ್‌ಒಟಿ ಎಂಬ ಐವರು ಹುಡುಗರ ತಂಡವನ್ನು ವೇದಿಕೆಗೆ ತಂದಂದಿನಿಂದ, ಹದಿಹರೆಯದವರನ್ನು ಆರಿಸಿ ವರ್ಷಗಟ್ಟಲೆ ಹಾಡು, ಕುಣಿತ ಮತ್ತು ಪರಭಾಷೆಗಳಲ್ಲಿ ಪಳಗಿಸುವ ಪದ್ಧತಿ ಅಲ್ಲಿ ಬೇರೂರಿದೆ. ಎಷ್ಟೋ ಹಾಡುಗಳ ರಾಗವನ್ನು ಸ್ವೀಡನ್, ನಾರ್ವೆಗಳ ಸಂಗೀತಗಾರರು ಕಟ್ಟಿಕೊಡುತ್ತಾರೆ. ಆದರೆ ಹಲವರ ಕೈ ಸೇರಿದೆ ಎಂಬ ಕಾರಣಕ್ಕೇ ಹಾಡು ಕಳಪೆಯಾಗುವುದಾದರೆ, ಒಬ್ಬರು ಬರೆದು, ಇನ್ನೊಬ್ಬರು ರಾಗ ಹಾಕಿ, ಮತ್ತೊಬ್ಬರು ಹಾಡಿ, ಮಗದೊಬ್ಬರು ತುಟಿಯಾಡಿಸುವ ನಮ್ಮ ಚಿತ್ರಗೀತೆಗಳನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಾದೀತು. ಶೈನಿ ತಂಡದ 2012ರ 'ಶೆರ್ಲಾಕ್' ಹಾಡನ್ನು ಕೇಳಿ ನೋಡಿ. 'ಕ್ಲೂ' ಮತ್ತು 'ನೋಟ್' ಎಂಬ ಎರಡು ಬೇರೆ ಹಾಡುಗಳನ್ನು ಕತ್ತರಿಸಿ, ಹೊಲಿಗೆ ಕಾಣದಂತೆ ಜೋಡಿಸಿ ಅದನ್ನು ಮಾಡಿದ್ದಾರೆ. ಮರುವರ್ಷ ಗರ್ಲ್ಸ್ ಜನರೇಷನ್ ತಂಡದ ಒಂಬತ್ತು ಹುಡುಗಿಯರು ಹಾಡಿದ 'ಐ ಗಾಟ್ ಎ ಬಾಯ್' ನಡುನಡುವೆ ವೇಗವನ್ನೇ ಬದಲಿಸಿ ಕೇಳುಗರನ್ನು ಕಕ್ಕಾಬಿಕ್ಕಿಯಾಗಿಸುತ್ತದೆ. ಇದು ಅಳತೆ ತಪ್ಪಿದ ಕೆಲಸವಲ್ಲ, ಅಳತೆ ಬಲ್ಲವರು ಬೇಕೆಂದೇ ಮಾಡಿದ ಕೆಲಸ. ಉಳಿದಂತೆ, ಒಂದನ್ನೊಂದು ಹೋಲುವ ಸಪ್ಪೆ ಹಾಡುಗಳು ಅಲ್ಲಿ ರಾಶಿರಾಶಿಯಾಗಿವೆ. ಅವನ್ನು ಸಮರ್ಥಿಸುವ ಹೊಣೆ ನನ್ನದಲ್ಲ.

ಪ್ರಶ್ನೆಯ ಎರಡನೆಯ ಭಾಗ ನನಗೆ ಹೆಚ್ಚು ಕುತೂಹಲಕರ. ಸಂಗೀತ ಒಂದು ಕಡೆ, ಅಭಿಮಾನಿಗಳ ಹುಚ್ಚು ಇನ್ನೊಂದು ಕಡೆ ಎಂದು ಕೇಳುವವರು ಮೊದಲೇ ಗೆರೆ ಎಳೆದುಬಿಟ್ಟಿರುತ್ತಾರೆ. ಆ ಗೆರೆ ಅಲ್ಲಿ ಇಲ್ಲವೆಂಬುದೇ ನನ್ನ ಉತ್ತರ. ಬಿಟಿಎಸ್ ಎಂಬ ಹುಡುಗರ ತಂಡ ವೇದಿಕೆಗೆ ಬಂದಾಗ, ಗಾಯನ ಶುರುವಾಗುವ ಮುನ್ನ ಬರೀ ವಾದ್ಯ ನುಡಿಯುವ ಹೊತ್ತಿನಲ್ಲಿ, ಕಿಮ್ ನಮ್‌ಜೂನ್‌ನಿಂದ ಹಿಡಿದು ಜಿಯಾನ್ ಜಂಗ್‌ಕುಕ್‌ನವರೆಗೆ ಏಳೂ ಮಂದಿಯ ಹೆಸರನ್ನು ಸಭಾಂಗಣವೆಲ್ಲ ತಾಳಕ್ಕೆ ಸರಿಯಾಗಿ ಕೂಗುತ್ತದೆ. ಇದನ್ನು ಫ್ಯಾನ್‌ಚಾಂಟ್ ಎನ್ನುತ್ತಾರೆ. ಯಾವ ಸಾಲಿನ ಬಳಿಕ ಏನನ್ನು ಕೂಗಬೇಕೆಂಬುದನ್ನು ಎಷ್ಟೋ ಸಲ ಕಂಪನಿಗಳೇ ಮುಂಚಿತವಾಗಿ ತಿಳಿಸುತ್ತವೆ, ಅಭಿಮಾನಿಗಳು ಅದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಾಡುವಂತೆ ಇಲ್ಲಿಯೂ ಕೇಳುಗರಿಗೆಂದು ಒಂದು ಜಾಗವಿದೆ. ಆ ಕೂಗಿಲ್ಲದ ಧ್ವನಿಮುದ್ರಣವನ್ನಷ್ಟೇ ಕೇಳಿ ಇದರಲ್ಲಿ ಏನೂ ಇಲ್ಲವೆನ್ನುವವರು ಹಾಡಿನ ಮುಕ್ಕಾಲು ಪಾಲನ್ನು ಮಾತ್ರ ಕೇಳಿರುತ್ತಾರೆ.

ನನ್ನ ತಕರಾರು ಇರುವುದು ಆ ಜಾಗಕ್ಕೆ ವಿಧಿಸುವ ಬೆಲೆಯ ಬಗ್ಗೆ. ಆಲ್ಬಂನ ಲಕೋಟೆಯೊಳಗೆ ತಂಡದ ಯಾರೋ ಒಬ್ಬರ ಫೋಟೊಕಾರ್ಡ್ ಇರುತ್ತದೆ, ಯಾರದ್ದೆಂಬುದು ತೆರೆಯುವವರೆಗೆ ತಿಳಿಯದು. ಕಲಾವಿದರನ್ನು ಮುಖಾಮುಖಿ ಕಂಡು ಹಸ್ತಾಕ್ಷರ ಪಡೆಯುವ ಅವಕಾಶವನ್ನು ಆಲ್ಬಂ ಕೊಂಡವರ ನಡುವೆ ಚೀಟಿ ಎತ್ತಿ ಹಂಚುವುದರಿಂದ, ಹೆಚ್ಚು ಪ್ರತಿ ಕೊಂಡವರ ಹೆಸರಿನಲ್ಲಿ ಹೆಚ್ಚು ಚೀಟಿಗಳಿರುತ್ತವೆ. ಹೀಗಾಗಿ ಒಬ್ಬರೇ ಹತ್ತಾರು ಪ್ರತಿಗಳನ್ನು ಕೊಂಡು, ಕಾರ್ಡ್ ಇಟ್ಟುಕೊಂಡು, ಸಿ.ಡಿ.ಯನ್ನು ಕಸಕ್ಕೆ ಹಾಕುವುದುಂಟು. ಇದನ್ನು ಮೊದಲು ಟೀಕಿಸಬೇಕಾದವರು ಹೊರಗಿನವರಾದ ನಾವು ಎಂದುಕೊಂಡಿದ್ದೆ. ಆದರೆ 2021ರಲ್ಲಿ ಆರಂಭವಾದ ಕೆಪಾಪ್ ಫಾರ್ ಪ್ಲಾನೆಟ್ ಎಂಬ ಅಭಿಮಾನಿಗಳ ಬಳಗವೇ ಬೇಡವಾದ ಆಲ್ಬಂಗಳನ್ನು ಒಟ್ಟುಗೂಡಿಸಿ ಕಂಪನಿಗಳಿಗೆ ಮರಳಿಸಿತು. ಅಭಿಮಾನಿಗಳನ್ನು ಕುರಿಮಂದೆ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇಂಥ ಕಾರಣಗಳಿಗಾಗಿ. 2009ರಲ್ಲಿ ಟಿವಿಎಕ್ಸ್‌ಕ್ಯೂ ತಂಡದ ಮೂವರು ಎಸ್‌ಎಂ ಕಂಪನಿಯೊಂದಿಗಿನ ತಮ್ಮ 13 ವರ್ಷಗಳ ಒಪ್ಪಂದದ ವಿರುದ್ಧ ನ್ಯಾಯಾಲಯಕ್ಕೆ ಹೋದಾಗಲೂ ಅಭಿಮಾನಿಗಳು ಸಹಿ ಸಂಗ್ರಹಿಸಿ ಅವರ ಬೆನ್ನಿಗೆ ನಿಂತಿದ್ದರು. ಅದೇ ವರ್ಷ ಕೊರಿಯಾದ ನ್ಯಾಯೋಚಿತ ವ್ಯಾಪಾರ ಆಯೋಗವು ಏಳು ವರ್ಷಗಳ ಮಿತಿಯುಳ್ಳ ಮಾದರಿ ಒಪ್ಪಂದವನ್ನು ಹೊರಡಿಸಿತು.

ಆದರೂ ನಾನು ಉತ್ತರಿಸಲಾಗದೆ ಸುಮ್ಮನಾಗುವ ಒಂದು ಪ್ರಸಂಗವಿದೆ. 2024ರಲ್ಲಿ ಎಸ್ಪಾ ತಂಡದ ಕರೀನಾ ನಟರೊಬ್ಬರನ್ನು ಪ್ರೀತಿಸುತ್ತಿರುವ ಸುದ್ದಿ ಹೊರಬಿದ್ದಾಗ, ಸಿಟ್ಟಿಗೆದ್ದ ಕೆಲವು ಅಭಿಮಾನಿಗಳು ಆಕೆಯನ್ನು ಹಂಗಿಸುವ ಬರಹವನ್ನು ಲಾರಿಯೊಂದರ ವಿದ್ಯುತ್ ಫಲಕದ ಮೇಲೆ ಹಾಕಿ ಕಂಪನಿಯ ಮುಂದೆ ನಿಲ್ಲಿಸಿದರು; ಆಕೆ ಕೈಬರಹದಲ್ಲಿ ಕ್ಷಮೆ ಕೋರಿದರು. ಪ್ರೀತಿಸಿದ್ದಕ್ಕೆ ಕ್ಷಮೆ! ಅಭಿಮಾನಿಗಳನ್ನು ದೇವರುಗಳೆಂದು ಕರೆದ ರಾಜ್‌ಕುಮಾರ್ ಅವರ ನಾಡಿನವಳಾದ ನನಗೆ ಆರಾಧನೆ ಹೊಸದಲ್ಲ, ಆದರೆ ಹಣ ಕೊಟ್ಟ ಮಾತ್ರಕ್ಕೆ ಇನ್ನೊಬ್ಬರ ಬಾಳಿನಲ್ಲಿ ತಮಗೆ ಪಾಲಿದೆ ಎನ್ನುವ ಈ ಲೆಕ್ಕವನ್ನು ಆರಾಧನೆ ಎನ್ನಲು ನಾಲಿಗೆ ಹೊರಳುವುದಿಲ್ಲ.

ಹಾಗಾದರೆ ನೀವು ಆಲ್ಬಂ ಕೊಳ್ಳುತ್ತೀರಾ ಎಂದು ಕೇಳುವವರೂ ಇದ್ದಾರೆ. ಈವರೆಗೆ ಒಂದನ್ನು ಕೊಂಡಿದ್ದೇನೆ. ಅದರಲ್ಲಿ ಬಂದ ಕಾರ್ಡ್ ನನಗೆ ಬೇಕಾದವನದ್ದಾಗಿರಲಿಲ್ಲ. ಗೆಳತಿಯರ ಬಳಿ ಬದಲಾಯಿಸಿ ತರುವೆನೆಂದು ತಂಗಿಯ ಮಗಳು ಒಯ್ದು ಎಂಟು ತಿಂಗಳಾಯಿತು, ನಾನು ಕೇಳಿದಾಗಲೆಲ್ಲ ಮಾತು ಬದಲಾಯಿಸುತ್ತಾಳೆ.