ಸ್ನಾನದ ನೀರಿಗೆ ದರ್ಜೆ: ಕೋಡಿಬಾಗದಲ್ಲಿ ಸಿಕ್ಕಿಬಿದ್ದ ಪಟ್ಟಿ

ಪಟ್ಟಿ ಅರ್ಧ ತುಂಬಿದೆ. ಶಿರಸಿ ಕಡೆ ಸಹಸ್ರಲಿಂಗದ ಶಾಲ್ಮಲಾ ಹೊಳೆ, ಗೋಕರ್ಣದ ಕೋಟಿತೀರ್ಥ ಕೆರೆ, ಕಾರವಾರದ ಟ್ಯಾಗೋರ್ ಕಡಲತೀರ, ಮತ್ತೆ ಕೋಡಿಬಾಗದ ಹತ್ತಿರ ಕಾಳಿ ನದಿ ಸಮುದ್ರ ಸೇರುವ ಜಾಗ, ಅಂದರೆ ಅಳಿವೆ. ಸ್ನಾನಕ್ಕೆ ಯಾವುದು ಯಾವ ದರ್ಜೆ ಅಂತ ಬರೆದಿಡುವುದು ಕೆಲಸ. ಕೋಡಿಬಾಗದ ಸಾಲು ಮಾತ್ರ ಮುಂದೆ ಹೋಗುತ್ತಿಲ್ಲ.

ತೊಡಕು ಇಷ್ಟೇ. ಕೇಂದ್ರ ಸರ್ಕಾರದ 2000ದ ಮಾನದಂಡದಂತೆ ನದಿ, ಕೆರೆಯಲ್ಲಿ ಮೀಯುವ ನೀರಿನ 100 ಮಿಲಿಲೀಟರಿನಲ್ಲಿ ಫೀಕಲ್ ಕೋಲಿಫಾರ್ಮ್ (ನೀರಿಗೆ ಮಲ ಸೇರಿದ್ದರ ಗುರುತಾದ ಬ್ಯಾಕ್ಟೀರಿಯಾ) 500ರ ಒಳಗಿದ್ದರೆ ಚಲೋ, 2500 ದಾಟುವಂತಿಲ್ಲ. ಕಡಲ ಸ್ನಾನಕ್ಕೆ ಎಸ್‌ಡಬ್ಲ್ಯು-2 ಅನ್ನುವ ದರ್ಜೆ. ಅಲ್ಲಿ ಮಿತಿ 100. ಈಗ ಅಳಿವೆಯ ನೀರಿನಲ್ಲಿ 300 ಬಂತು ಅನ್ನಿ. ನದಿ ಅಂದರೆ ಪಾಸು, ಸಮುದ್ರ ಅಂದರೆ ನಪಾಸು. ಅದೇ ಬಾಟ್ಲಿ, ಅದೇ ನೀರು!

ಕಡಲಿಗೆ ಬಿಗಿ ಮಿತಿ ಇರುವುದು ನನಗೆ ಸರಿ ಅನ್ನಿಸುತ್ತದೆ. ಉಪ್ಪು ನೀರು, ಬಿಸಿಲಿಗೆ ಕೋಲಿಫಾರ್ಮ್ ಬೇಗ ಸಾಯುತ್ತದೆ. ಕೆಲವು ವೈರಸ್‌ಗಳು ಅಷ್ಟು ಬೇಗ ಸಾಯುವುದಿಲ್ಲ. ಹಾಗಾಗಿ ಕಡಲಲ್ಲಿ ಸಂಖ್ಯೆ ಕಮ್ಮಿ ಬಂತೆಂದು ಖುಷಿಪಡುವ ಹಾಗಿಲ್ಲ. ಉಪ್ಪಲ್ಲಿ ಜಾಸ್ತಿ ಹೊತ್ತು ಉಳಿಯುವುದು ಎಂಟೆರೊಕಾಕೈ ಅನ್ನುವ ಇನ್ನೊಂದು ಬಗೆಯ ಕರುಳಿನ ಬ್ಯಾಕ್ಟೀರಿಯಾ. ಯುರೋಪಿನವರು ಕಡಲಿಗೆ ಅದನ್ನೂ ಎಣಿಸುತ್ತಾರೆ. ಮುಂದಿನ ಸಲ ನಾನೂ ಲ್ಯಾಬಿಗೆ ಅದನ್ನೇ ಬರೆದುಕೊಡುತ್ತೇನೆ, ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಸದ್ಯಕ್ಕೆ ಕೋಡಿಬಾಗಕ್ಕೆ ಕಡಲಿನ ಮಿತಿಯನ್ನೇ ಹಿಡಿದಿದ್ದೇನೆ. ಜೊತೆಗೆ ಪ್ರತಿ ಬಾಟ್ಲಿಯ ಮುಂದೆ ಉಬ್ಬರವೋ ಇಳಿತವೋ, ಮೀಟರಿನಲ್ಲಿ ಉಪ್ಪು ಎಷ್ಟು ಅನ್ನುವ ಎರಡು ಕಾಲಂ. ಅಳಿವೆಯಲ್ಲಿ ಸಿಹಿನೀರು ಮೇಲೆ, ಭಾರದ ಉಪ್ಪುನೀರು ಕೆಳಗೆ ಹರಿಯುತ್ತದೆ. ಮೊಣಕಾಲು ಮಟ್ಟಕ್ಕಿಳಿದು, ಬಾಟ್ಲಿಯ ಬಾಯನ್ನು ಹರಿವಿಗೆದುರು ಹಿಡಿದು, ಒಂದಡಿ ಕೆಳಗೆ ಮುಳುಗಿಸಿ ತುಂಬಬೇಕು. ಮೇಲಿನ ನೀರನ್ನಷ್ಟೇ ಬಾಚಿದರೆ ಬೇರೆಯದೇ ಕಥೆ ಬರುತ್ತದೆ. ಆಮೇಲೆ ಐಸ್ ಪೆಟ್ಟಿಗೆ, ಆರು ತಾಸಿನೊಳಗೆ ಲ್ಯಾಬು. ಪೆಟ್ಟಿಗೆ ಹೊತ್ತು ನಡೆದರೆ ದಾರಿಯಲ್ಲಿ ಮೀನಿನ ರೇಟು ಕೇಳುತ್ತಾರೆ, ಅದು ಬೇರೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವ ದಿನ ಇದೇ ಆರು ತಾಸು ತಲೆಬಿಸಿ.

ಕೋಟಿತೀರ್ಥದ್ದು ಬೇರೆ ರಗಳೆ. ನಿಂತ ನೀರು ಪಾಚಿಗೆ ಹಸಿರಾಗಿದ್ದರೆ ಮಧ್ಯಾಹ್ನ ನೀರಲ್ಲಿ ಕರಗಿದ ಆಮ್ಲಜನಕ ಚೆನ್ನಾಗೇ ತೋರಿಸುತ್ತದೆ, ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕೆಂಬ ಮಿತಿ ಆರಾಮಾಗಿ ದಾಟುತ್ತದೆ. ರಾತ್ರಿಯಿಡೀ ಪಾಚಿಯೇ ಅದನ್ನು ಬಳಸಿಕೊಳ್ಳುತ್ತದೆ, ಬೆಳಗಿನ ಜಾವಕ್ಕೆ ಇಳಿದಿರುತ್ತದೆ. ಜನ ಮೀಯಲು ಬರುವುದು ಬೆಳಿಗ್ಗೆಯೇ ಅಲ್ವಾ? ಹಾಗಾಗಿ ಅಲ್ಲಿ ಸೂರ್ಯ ಏಳುವ ಮೊದಲೇ ಬಾಟ್ಲಿ ತುಂಬುವುದು ಅಂತ ಮಾಡಿದ್ದೇನೆ.

ಶಾಲ್ಮಲಾ, ಟ್ಯಾಗೋರ್ ತೀರದ ಬಗ್ಗೆ ಹೇಳುವಂಥದ್ದು ಇನ್ನೂ ಇಲ್ಲ. ಮೊದಲ ದೊಡ್ಡ ಮಳೆಗೆ ಗಟಾರದ್ದೆಲ್ಲ ಕೊಚ್ಚಿ ಬಂದ ಮೇಲೆ ಕೋಡಿಬಾಗದಲ್ಲಿ ಇಳಿತದ ಹೊತ್ತಿಗೆ ಒಂದು ಬಾಟ್ಲಿ, ಉಬ್ಬರಕ್ಕೆ ಇನ್ನೊಂದು. ಅವೆರಡು ಬರುವ ತನಕ ಆ ಸಾಲಿನ ದರ್ಜೆ ಪೆನ್ಸಿಲ್ಲಿನಲ್ಲೇ ಇರಲಿ.