ಎರಡು ಕುಂಡ, ಒಂದೇ ಅಳತೆಯ ನೀರು

ಸಿಂಧನೂರು ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್, ಅಂದರೆ ಮಕ್ಕಳು ಕೈಯಾರೆ ಮಾಡಿ ಕಲಿಯುವ ಪ್ರಯೋಗಶಾಲೆ, ಮಂಜೂರಾಗಿ ವರ್ಷ ಕಳೆದರೂ ಆರ್ಡುಯಿನೊ ಬೋರ್ಡುಗಳು (ಸೆನ್ಸರಿನ ಅಂಕಿ ಓದಿ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರುಗಳು) ಬೀರುವಿನಿಂದ ಹೊರಬಂದಿರಲಿಲ್ಲ. ಕೆಟ್ಟರೆ ಲೆಕ್ಕ ಒಪ್ಪಿಸಬೇಕಾದವನು ವಿಜ್ಞಾನ ಶಿಕ್ಷಕನಾದ ನಾನೇ ಎಂಬ ಅಳುಕಲ್ಲದೆ ಅದಕ್ಕೆ ಬೇರೆ ಕಾರಣವಿರಲಿಲ್ಲ. ಕೊನೆಗೊಂದು ಶನಿವಾರ ಧೈರ್ಯ ಮಾಡಿ, ಮಣ್ಣಿನ ತೇವ ಅಳೆಯುವ ಸೆನ್ಸರುಗಳನ್ನು ಒಂಬತ್ತನೆಯ ತರಗತಿಯವರ ಕೈಗೆ ಕೊಟ್ಟೆ. ಬೋರ್ಡು 0ಯಿಂದ 1023ರವರೆಗೆ ಅಂಕಿ ತೋರಿಸುತ್ತದೆ. ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ. 600 ದಾಟಿದರೆ ಪಂಪು ತಾನಾಗಿ ಚಾಲೂ ಆಗಬೇಕು. ಪಾಠ ಇಷ್ಟೇ, ನಲವತ್ತು ನಿಮಿಷದ್ದು ಎಂದುಕೊಂಡಿದ್ದೆ.

ಒಂದು ಕುಂಡದಲ್ಲಿ ಶಾಲೆಯಂಗಳದ ಎರೆಮಣ್ಣು, ಇನ್ನೊಂದರಲ್ಲಿ ಒಬ್ಬ ಹುಡುಗಿ ತನ್ನ ಹೊಲದಿಂದ ತಂದ ಮಣ್ಣು. ಎರಡೂ 200 ಗ್ರಾಂ, ಎರಡಕ್ಕೂ 40 ಮಿಲಿಲೀಟರ್ ನೀರು. ಮೊದಲನೆಯದು 610 ತೋರಿಸಿತು, ಎರಡನೆಯದು 340. ಸೆನ್ಸರು ಕೆಟ್ಟಿದೆ ಎಂದು ನಾನು ಬೇರೊಂದನ್ನು ತೆಗೆಯಲು ಹೊರಟಾಗ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಅದಲು ಬದಲು ಮಾಡಿ ನೋಡೋಣ್ರಿ ಸರ್" ಎಂದ. ಮಾಡಿದೆವು. ಅಂಕಿ ಸೆನ್ಸರಿನ ಜೊತೆ ಹೋಗದೆ ಮಣ್ಣಿನ ಜೊತೆಯೇ ಉಳಿಯಿತು.

ಹೊಲದ ಮಣ್ಣಿನಲ್ಲಿ ಮೊದಲೇ ತೇವವಿದ್ದಿರಬಹುದೇ? ಪ್ರಯೋಗಾಲಯದ ಓವನ್ ನಮ್ಮಲ್ಲಿಲ್ಲ. ಬಿಸಿಯೂಟದ ಅಡುಗೆಮನೆಯಲ್ಲಿ ಹೆಂಚೂ ತಕ್ಕಡಿಯೂ ಇದ್ದವು. ಅಡುಗೆಯ ಅಕ್ಕನವರು ಗೊಣಗುತ್ತಲೇ ಹಳೆಯದೊಂದು ಹೆಂಚು ಕೊಟ್ಟರು. ಮಕ್ಕಳು ಎರಡೂ ಕುಂಡದ ಮಣ್ಣಿನಿಂದ ತಲಾ 100 ಗ್ರಾಂ ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಹುರಿದು, ಮತ್ತೆ ತೂಗಿದರು. ಒಂದು 83, ಇನ್ನೊಂದು 82. ಅಂದರೆ ನೀರು ಹೆಚ್ಚುಕಡಿಮೆ ಒಂದೇ, ಅಂಕಿ ಮಾತ್ರ ಬೇರೆ.

ಆಗ ಮಣ್ಣು ತಂದ ಹುಡುಗಿ ಮೆಲ್ಲಗೆ, "ನಮ್ಮ ಹೊಲದ ತಗ್ಗಿನಾಗ ಬಿಳಿ ಹೊಡೀತದ್ರಿ ಸರ್, ಸವಳು" ಎಂದಳು. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭತ್ತದ ನಾಡಿನಲ್ಲಿ ಆ ಪದ ಯಾರಿಗೂ ಹೊಸದಲ್ಲ: ನೀರು ನಿಂತು ನಿಂತು ಅಂತರ್ಜಲ ಮೇಲೇರಿದಾಗ ಅದರೊಡನೆ ಲವಣವೂ ಏರಿ, ನೀರು ಆವಿಯಾದ ಮೇಲೆ ನೆಲದ ಮೇಲೆ ಬೆಳ್ಳಗೆ ಉಳಿಯುತ್ತದೆ. ಆ ಸೆನ್ಸರಿಗೆ ನೀರಿನ ಅರಿವಿಲ್ಲ, ಎರಡು ಕಡ್ಡಿಗಳ ನಡುವೆ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಷ್ಟೇ ಅದಕ್ಕೆ ತಿಳಿಯುವುದು. ಸಲೀಸಾದಷ್ಟೂ ಅಂಕಿ ಇಳಿಯುತ್ತದೆ, ಹಸಿ ಮಣ್ಣಿನಲ್ಲಿ ಲವಣವಿದ್ದರೆ ಹರಿವು ಇನ್ನೂ ಸಲೀಸು. ಲವಣಗಳ ವಿದ್ಯುದ್ವಾಹಕತೆಯನ್ನು ಹತ್ತಾರು ವರ್ಷ ಪಾಠ ಮಾಡಿದ ನನಗೆ ಅದು ಹೊಳೆಯದೆ, ಸವಳು ನೋಡಿ ಬೆಳೆದವಳಿಗೆ ಹೊಳೆದದ್ದು ನನಗೆ ತುಸು ನಾಚಿಕೆಯ ವಿಷಯವೇ.

ಪರೀಕ್ಷಿಸಲೆಂದು ಮೊದಲ ಕುಂಡಕ್ಕೆ ಉಪ್ಪುನೀರು ಹಾಕಹೊರಟೆ. "ಆಗ ನೀರೂ ಹೆಚ್ಚಾಗ್ತದಲ್ರಿ" ಎಂದು ಅದೇ ಹಿಂದಿನ ಸಾಲಿನವನು ತಡೆದ. ಆದ್ದರಿಂದ ಮೂರನೆಯ ಕುಂಡ ಸಿದ್ಧವಾಯಿತು: ಅಂಗಳದ್ದೇ ಮಣ್ಣು 200 ಗ್ರಾಂ, ಉಪ್ಪು ಕರಗಿಸಿದ ನೀರು 40 ಮಿಲಿಲೀಟರ್. ಅಂಕಿ 290ಕ್ಕೆ ಇಳಿಯಿತು. ತರಗತಿ ಕಿರುಚಿದ ರಭಸಕ್ಕೆ ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಬಂದು ಇಣುಕಿದರು.

600 ಎಂಬ ಮಿತಿಯನ್ನು ಅಂತರ್ಜಾಲದ ಯಾವುದೋ ಮಾದರಿಯಿಂದ ಎತ್ತಿ ಬರೆದವನು ನಾನು. ಆ ಹುಡುಗಿಯ ಹೊಲದಲ್ಲಿ ನಮ್ಮ ಯಂತ್ರವನ್ನಿಟ್ಟಿದ್ದರೆ ಪೈರು ಬಾಡುತ್ತಿದ್ದರೂ ಅದು ನೆಲ ಹಸಿಯಾಗಿದೆಯೆಂದು ಪಂಪನ್ನು ಸುಮ್ಮನಿರಿಸುತ್ತಿತ್ತು. ಸಂಜೆ ಸಾಮಾನು ಎತ್ತಿಡುವಾಗ ಸೆನ್ಸರಿನ ಕಡ್ಡಿಗಳು ಕಪ್ಪಾಗಿರುವುದನ್ನೂ ಕಂಡೆ. ಇಡೀ ದಿನ 5 ವೋಲ್ಟಿನ ವಿದ್ಯುತ್ತು ಹರಿಸಿದ್ದರಿಂದ ವಿದ್ಯುದ್ವಿಭಜನೆ ನಡೆದು ಲೋಹ ಸವೆದಿತ್ತು. ಅಳೆಯುವ ಕ್ಷಣದಲ್ಲಷ್ಟೇ ವಿದ್ಯುತ್ತು ಕೊಡುವಂತೆ ಪ್ರೋಗ್ರಾಮು ತಿದ್ದುವ ಕೆಲಸವನ್ನು ಮುಂದಿನ ವಾರಕ್ಕಿಟ್ಟೆ.

ಹೊರಡುವ ಮುನ್ನ ಆ ಹುಡುಗಿ, ಹಾಗಾದರೆ ಇದರಿಂದ ಸವಳನ್ನೇ ಅಳೆಯಬಹುದೇ ಎಂದು ಕೇಳಿದಳು. ನೀರಿನ ಪ್ರಮಾಣ ಬದಲಾಗದಂತೆ ನೋಡಿಕೊಂಡರೆ ಹೋಲಿಸಬಹುದು ಎಂದೆ. ಸೋಮವಾರ ಬೆಳಗ್ಗೆ ಪ್ರಾರ್ಥನೆಗೂ ಮೊದಲೇ ನನ್ನ ಮೇಜಿನ ಮೇಲೆ ಆರು ಮಣ್ಣಿನ ಪೊಟ್ಟಣಗಳಿದ್ದವು. ಒಂದೊಂದರ ಮೇಲೂ ಬಾಲ್‌ಪೆನ್ನಿನಲ್ಲಿ ಬರೆದಿತ್ತು: ಕಾಲುವೆ ದಂಡೆ, ಬೇವಿನಮರದ ಬದು, ತಗ್ಗು, ತಗ್ಗಿನ ಆಚೆ, ಕಾಕಾನ ಹೊಲ, ಹಿತ್ತಲು.